ನಂದಿಯ ಹಾಸುಗಲ್ಲಿನ ಮೇಲೆ ಬ್ಯಾಲೆಯ ಹಿಮ್ಮಡಿ

ನಂದಿಬೆಟ್ಟದ ಸೂರ್ಯೋದಯದ ಬಗ್ಗೆ ಬರೆಯಲಾರೆ, ಏಕೆಂದರೆ ಅದನ್ನು ನಾನು ನೋಡಲೇ ಇಲ್ಲ. ಭಾನುವಾರ ನಸುಕಿನಲ್ಲೇ ಬೆಂಗಳೂರು ಬಿಟ್ಟಿದ್ದರೂ ಬೆಟ್ಟದ ಬುಡದಲ್ಲಿ ನಿಂತಿದ್ದ ವಾಹನಗಳ ಸಾಲಿನಲ್ಲಿಯೇ ನಮಗೆ ಬೆಳಕು ಹರಿಯಿತು. ಹೋಗುವವರು ವಾರದ ನಡುವೆ ಹೋಗುವುದು ಒಳಿತು. ಮೇಲೆ ಸಿಕ್ಕಿದ್ದು ಜನಜಂಗುಳಿ ಮತ್ತು ಆರಿದ ಬಜ್ಜಿ.

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಇಳಿದು ಬಂದಾಗ ಹನ್ನೊಂದು ದಾಟಿತ್ತು. ಅಂಗಳದ ಹಾಸುಗಲ್ಲು ಕಾದ ಕಾವಲಿಯಂತಿತ್ತು. ನಾನು ಅಂಗಾಲು ಸುಟ್ಟುಕೊಂಡು ನರಳುತ್ತಿದ್ದರೆ, ಬೆಂಗಳೂರಿನಲ್ಲಿ ಮಕ್ಕಳಿಗೆ ಬ್ಯಾಲೆ ಕಲಿಸುವ ನನ್ನ ತಂಗಿಯ ಮಗಳು ಮುಂಗಾಲಿನಲ್ಲೇ ಓಡಿ ಪ್ರಾಕಾರದ ಕಂಬಗಳ ನೆರಳು ಸೇರಿದ್ದಳು.

"ಹಿಮ್ಮಡಿ ಊರಲೇ ಇಲ್ಲವಲ್ಲೇ!" ಎಂದೆ.

"ಬ್ಯಾಲಂಚೀನ್ ಪಾಠ ದೊಡ್ಡಮ್ಮ, ಇವತ್ತು ಉಪಯೋಗಕ್ಕೆ ಬಂತು."

ಆ ಒಂದು ಮಾತಿನಿಂದ ನಾವು ಒಂದು ಗಂಟೆ ಅಲ್ಲೇ ಕುಳಿತೆವು. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಬ್ಯಾಲೆ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ 1933ರಲ್ಲಿ ಅಮೆರಿಕಕ್ಕೆ ಬಂದಾಗ, ತಂಡ ಕಟ್ಟುವ ಮೊದಲು ಶಾಲೆ ಬೇಕೆಂದು ಹಟ ಹಿಡಿದರಂತೆ. ಶಾಲೆ 1934ರ ಜನವರಿಯಲ್ಲಿ ತೆರೆಯಿತು. ಅವರ ತಂಡಕ್ಕೆ ನ್ಯೂಯಾರ್ಕ್ ಸಿಟಿ ಬ್ಯಾಲೆ ಎಂಬ ಹೆಸರು ಬಂದದ್ದು 1948ರಲ್ಲಿ. 'ಸೆರೆನೇಡ್' ನೃತ್ಯವನ್ನು ಅವರು ಸಂಯೋಜಿಸಿದ್ದು ಆ ಶಾಲೆಯ ಮಕ್ಕಳಿಗಾಗಿ: ಮೊದಲ ದಿನ ಹದಿನೇಳು ಹುಡುಗಿಯರು ಬಂದಿದ್ದರಿಂದ ಹದಿನೇಳು ಮಂದಿಯ ವಿನ್ಯಾಸ, ಒಬ್ಬಳು ಬಿದ್ದಳು, ಮತ್ತೊಬ್ಬಳು ತಡವಾಗಿ ಬಂದಳು, ಎರಡೂ ನೃತ್ಯದೊಳಗೇ ಉಳಿದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಥೆಗಿಂತ ಅವಳ ಕೈ. ಮಾತಿನ ನಡುವೆಯೂ ಅವಳ ಬೆರಳುಗಳು ಒಂದಕ್ಕೊಂದು ಅಂಟದೆ, ಅಂಗೈಯಲ್ಲಿ ಕಾಣದ ಚೆಂಡೊಂದನ್ನು ಹಿಡಿದಂತೆ, ಒಂದೊಂದಾಗಿ ಬಿಡಿಸಿಕೊಂಡು ನಿಂತಿದ್ದವು. ಪ್ರತಿ ಬೆರಳೂ ಕಾಣಬೇಕೆಂಬುದು ಆ ಪದ್ಧತಿಯ ನಿಯಮವಂತೆ. ತಿರುಗುವ ಮುನ್ನ ಹಿಂದಿನ ಮಂಡಿಯನ್ನು ಮಡಿಸದೆ ಕಾಲನ್ನು ನೀಳವಾಗಿ ಇಡುವುದೂ, ಭಾರವನ್ನು ಮುಂಗಾಲಿನ ಮೇಲಿಟ್ಟು ಯಾವ ಕ್ಷಣದಲ್ಲೂ ಹೊರಡಲು ಸಿದ್ಧವಿರುವುದೂ ಅವರದೇ ರೂಢಿ. ಅವರು ತೀರಿಕೊಂಡದ್ದು 1983ರಲ್ಲಿ; ಅವರ ನೃತ್ಯಗಳನ್ನು ಬೇರೆ ತಂಡಗಳು ಆಡಬೇಕಾದರೆ 1987ರಲ್ಲಿ ಅವರ ಹೆಸರಿನಲ್ಲಿ ಸ್ಥಾಪನೆಯಾದ ಟ್ರಸ್ಟ್ ಒಪ್ಪಿ, ಕಲಿಸುವವರನ್ನೂ ತಾನೇ ಕಳುಹಿಸುತ್ತದೆ. ಆದರೆ ಈ ಹುಡುಗಿಗೆ ಆ ಬೆರಳುಗಳು ಬಂದದ್ದು ಯಾವ ಟ್ರಸ್ಟಿನಿಂದಲೂ ಅಲ್ಲ, ನ್ಯೂಯಾರ್ಕ್‌ನಲ್ಲಿ ಕಲಿತ ಅವಳ ಗುರುವಿನಿಂದ.

ಹಿಮ್ಮಡಿ ಊರದ ನೃತ್ಯ ನನಗೆ ಇಂದಿಗೂ ಒಗ್ಗುವುದಿಲ್ಲ. ಭರತನಾಟ್ಯದ ಅರೆಮಂಡಿಯಲ್ಲಿ ಕೂತು ನೆಲವನ್ನು ತಟ್ಟಿ ಕಲಿತವಳಿಗೆ ಅದು ಅರ್ಧ ಹೇಳಿದ ಮಾತಿನಂತೆ ಕಾಣುತ್ತದೆ. ಆದರೂ ಮೈಸೂರಿನ ಭರತನಾಟ್ಯ ಗುರು ಜಟ್ಟಿ ತಾಯಮ್ಮನವರ ಅಭಿನಯ ಅವರ ಶಿಷ್ಯೆ ವೆಂಕಟಲಕ್ಷಮ್ಮನವರಿಗೆ ದಾಟಿದ್ದು ಕಣ್ಣು ಕಣ್ಣು ನೋಡುತ್ತಲೇ ಅಲ್ಲವೇ, ನಿಮ್ಮಲ್ಲೂ ಹಾಗೆಯೇ ಎಂದು ಅವಳು ಕೇಳಿದಾಗ ನಾನು ಸುಮ್ಮನಾದೆ.

ಹೊರಡುವ ಮುನ್ನ ಗೋಡೆಯ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿ ಕಿಟಕಿಯಲ್ಲಿ, ಕುಣಿಯುವ ಶಿವನ ಎದುರು ನಿಂತು, ಮಡಿಸಿದ ಮಂಡಿಯನ್ನು ತೋರಿಸಿ, "ಇವನು ನಿಮ್ಮವನು ದೊಡ್ಡಮ್ಮ" ಎಂದು ನಕ್ಕಳು. ಆಮೇಲೆ ತನ್ನ ಚೀಲದಿಂದ ಕಾಲುಚೀಲ ತೆಗೆದು ನನಗೆ ಕೊಟ್ಟಳು. ಈ ದೇವಸ್ಥಾನಕ್ಕೆ ಬೇಸಿಗೆಯಲ್ಲಿ ಹೋಗುವವರು ಅದನ್ನು ಮರೆಯಬಾರದು. ಬಾಗಿಲಿನವರೆಗೆ ನಾನು ಅವಳ ಕಾಲುಚೀಲದಲ್ಲಿ ನಡೆದೆ, ಅವಳು ಮುಂಗಾಲಿನಲ್ಲಿ ಓಡಿದಳು.