ಆರ್ಡರ್ ಬೇರೆ, ಬೇಡಿಕೆ ಬೇರೆ

ಹುಬ್ಬಳ್ಳಿಯ ಒಂದು ಔಷಧ ಸ್ಟಾಕಿಸ್ಟ್ ಆಫೀಸಿನಲ್ಲಿ ಖರೀದಿ ನೋಡಿಕೊಳ್ಳುವುದು ನನ್ನ ಕೆಲಸ. ಕಂಪನಿಗಳಿಂದ ಮಾಲು ತರಿಸಿ ಸುತ್ತಲಿನ ಊರುಗಳ ಮೆಡಿಕಲ್ ಶಾಪ್‌ಗಳಿಗೆ ಕಳಿಸುತ್ತೇವೆ. ಮುಂದಿನ ತಿಂಗಳು ಯಾವ ಔಷಧ ಎಷ್ಟು ಬೇಕಾದೀತು ಎಂದು ಹೇಳಲು ಈಗ ಎಐ ಸಾಫ್ಟ್‌ವೇರ್ ಇದೆ. ಹಳೆಯ ಆರ್ಡರ್‌ಗಳನ್ನೆಲ್ಲ ನೋಡಿ ಲೆಕ್ಕ ಕೊಡುತ್ತದೆ. ಬಿಪಿ, ಶುಗರ್ ಮಾತ್ರೆಗಳಿಗೆ ಅದರ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಮಕ್ಕಳ ಜ್ವರದ ಸಿರಪ್‌ಗೆ ಮಾತ್ರ ಎಡವಟ್ಟು. ಮಳೆಗಾಲದಲ್ಲಿ ಅಂಗಡಿಯವರು ಅದಕ್ಕಾಗಿ ಪರದಾಡಿದರು. ಮಳೆ ನಿಂತ ಮೇಲೆ ಅದೇ ಸಿರಪ್ ನಮ್ಮ ಗೋಡೌನ್‌ನಲ್ಲಿ ರಾಶಿ ಬಿತ್ತು.

ಏನಾಗುತ್ತಿದೆ ಎಂಬುದು ಒಬ್ಬ ಅಂಗಡಿಯವರ ಮಾತಿನಲ್ಲಿ ತಿಳಿಯಿತು. ಇಷ್ಟೊಂದು ಆರ್ಡರ್ ಯಾಕೆ ಬರೆದಿದ್ದೀರಿ ಎಂದು ಫೋನಿನಲ್ಲಿ ಕೇಳಿದೆ. "ಮೇಡಂ, ಹತ್ತು ಬಾಕ್ಸ್ ಬರದ್ರ ನೀವು ಐದು ಕಳಸ್ತೀರಿ. ಅದಕ್ಕ ಇಪ್ಪತ್ತು ಬರದೀನಿ ನೋಡ್ರಿ" ಅಂದರು. ಅವರ ಜಾಗದಲ್ಲಿ ನಿಂತು ನೋಡಿದರೆ ಇದು ಸರಿಯೇ ಅಲ್ವಾ? ಇನ್ನೂ ಇಬ್ಬರು ಸ್ಟಾಕಿಸ್ಟ್‌ಗಳಿಗೆ ಅವರು ಅಷ್ಟಷ್ಟೇ ಬರೆದಿದ್ದರು. ಬೇಕಿದ್ದದ್ದು ಹತ್ತು ಬಾಕ್ಸ್, ಮೂರು ಕಡೆಯ ಪುಸ್ತಕದಲ್ಲಿ ಸೇರಿ ಕಾಣಿಸಿದ್ದು ಅರವತ್ತು. ಮಾಲು ಧಾರಾಳವಾಗಿ ಬರತೊಡಗಿದ ಕೂಡಲೇ ಮಿಕ್ಕ ಆರ್ಡರ್‌ಗಳೆಲ್ಲ ಕ್ಯಾನ್ಸಲ್.

ನಮ್ಮ ಎಐ ಕಲಿತದ್ದು ನಮ್ಮ ಪುಸ್ತಕದಲ್ಲಿದ್ದ ಇಂಥ ಉಬ್ಬಿದ ಆರ್ಡರ್‌ಗಳನ್ನು. ಅದರ ಗಣಿತದಲ್ಲಿ ಏನೂ ತಪ್ಪಿಲ್ಲ. ಅದಕ್ಕೆ ಸಿಕ್ಕ ಅಂಕಿಯಲ್ಲಿ ಕಾಯಿಲೆ ಬಿದ್ದ ಮಕ್ಕಳ ಲೆಕ್ಕಕ್ಕಿಂತ ಅಂಗಡಿಯವರ ಆತಂಕವೇ ಜಾಸ್ತಿ ಇತ್ತು. ಇದಕ್ಕೆ ಉಲ್ಟಾ ತೊಂದರೆಯೂ ಇದೆ. ನಮ್ಮಲ್ಲಿ ಸ್ಟಾಕ್ ಖಾಲಿಯಾದ ದಿನ ಮಾರಾಟ ಸೊನ್ನೆ. ಆ ದಿನ ಯಾರಿಗೂ ಔಷಧ ಬೇಕಾಗಿರಲಿಲ್ಲ ಎಂದು ಸಾಫ್ಟ್‌ವೇರ್ ಓದಿಕೊಳ್ಳುತ್ತದೆ. ಹಾಗಾಗಿ ಒಂದೇ ಸಿರಪ್‌ಗೆ ಒಮ್ಮೆ ಇಲ್ಲದ ಬೇಡಿಕೆ ಕಾಣುತ್ತದೆ, ಇನ್ನೊಮ್ಮೆ ಇದ್ದ ಬೇಡಿಕೆ ಕಾಣುವುದೇ ಇಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಪ್ಯಾಂಪರ್ಸ್ ಡೈಪರ್ ವಿಷಯದಲ್ಲಿ ಇಂಥದ್ದನ್ನೇ ಗಮನಿಸಿದ್ದರು. ಮಕ್ಕಳು ಡೈಪರ್ ಬಳಸುವುದು ಹೆಚ್ಚುಕಡಿಮೆ ಒಂದೇ ಸಮ. ಅಂಗಡಿಗಳ ಮಾರಾಟದಲ್ಲೂ ದೊಡ್ಡ ಏರುಪೇರಿಲ್ಲ. ಡಿಸ್ಟ್ರಿಬ್ಯೂಟರ್‌ಗಳ ಆರ್ಡರ್ ಮಾತ್ರ ಸಿಕ್ಕಾಪಟ್ಟೆ ಏರಿಳಿಯುತ್ತಿತ್ತು. ಹಾವ್ ಲೀ ಎಂಬ ಸಂಶೋಧಕರು ಮತ್ತು ಸಂಗಡಿಗರು 1997ರಲ್ಲಿ ಇದರ ಕಾರಣಗಳನ್ನು ಬಿಡಿಸಿ ಬರೆದರು. ಬಾರುಕೋಲಿನ ಹಿಡಿ ಸ್ವಲ್ಪ ಅಲ್ಲಾಡಿಸಿದರೂ ತುದಿ ಜೋರಾಗಿ ಬೀಸುತ್ತದಲ್ಲ, ಅದರಿಂದಲೇ ಇದಕ್ಕೆ ಬುಲ್‌ವಿಪ್ ಎಂಬ ಹೆಸರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬಿಯರ್ ಗೇಮ್ ಎಂಬ ಆಟದಲ್ಲೂ ಇದೇ ಆಗುತ್ತದೆ. ಅದರಲ್ಲಿ ಅಂಗಡಿಯಿಂದ ಫ್ಯಾಕ್ಟರಿವರೆಗೆ ಒಬ್ಬೊಬ್ಬರದು ಒಂದೊಂದು ಪಾತ್ರ, ಪ್ರತಿಯೊಬ್ಬರೂ ತಮ್ಮ ಹಿಂದಿನವರಿಗೆ ಆರ್ಡರ್ ಕೊಡುತ್ತಾರೆ. ಗ್ರಾಹಕರ ಬೇಡಿಕೆ ಒಂದೇ ಸಲ, ವಾರಕ್ಕೆ 4 ಕೇಸ್‌ನಿಂದ 8ಕ್ಕೆ ಏರುತ್ತದೆ. ಆಮೇಲೆ ಬದಲಾಗುವುದೇ ಇಲ್ಲ. ಆದರೂ ಫ್ಯಾಕ್ಟರಿ ಪಾತ್ರದಲ್ಲಿ ಕೂತವರ ಆರ್ಡರ್ ಆಕಾಶಕ್ಕೇರಿ ಪಾತಾಳಕ್ಕಿಳಿಯುತ್ತದೆ. ಯಾರೂ ದಡ್ಡರಲ್ಲ. ಮಾಲು ತಡವಾಗಿ ಬರುತ್ತದೆ, ಮುಂದಿನವರ ಗೋಡೌನ್ ಕಾಣುವುದಿಲ್ಲ, ಅಷ್ಟೇ.

ಹೀಗೆ ಇಡೀ ಸರಪಳಿಯನ್ನು ಒಟ್ಟಿಗೆ ನೋಡುವುದಕ್ಕೆ ಸಿಸ್ಟಮ್ಸ್ ಥಿಂಕಿಂಗ್ ಎನ್ನುತ್ತಾರೆ. ನನಗೆ ಅದರ ಅರ್ಥ ಇದು. ಯಾರು ತಪ್ಪು ಮಾಡಿದರು ಎಂದು ಕೇಳುವ ಮೊದಲು, ಯಾವುದರಿಂದ ಯಾವುದು ಹುಟ್ಟುತ್ತಿದೆ ಎಂದು ಬರೆದು ನೋಡುವುದು. ನಾವು ಬೋರ್ಡ್ ಮೇಲೆ ಬರೆದೆವು. ಕೊರತೆ, ಅದಕ್ಕೆ ಎರಡರಷ್ಟು ಆರ್ಡರ್, ಅದಕ್ಕೆ ಇನ್ನಷ್ಟು ಕೊರತೆ, ಮತ್ತೆ ಆರ್ಡರ್. ಇನ್ನೊಂದು ಬಾಣ ಎಳೆಯುವಾಗ ಎಲ್ಲರೂ ಸುಮ್ಮನಾದರು. ಎಐ ಹೇಳಿದಷ್ಟು ಮಾಲು ತರಿಸುತ್ತೇವೆ. ಅದು ಉಳಿದರೆ ರಿಯಾಯಿತಿ ಕೊಟ್ಟು ಅಂಗಡಿಗಳಿಗೆ ತಳ್ಳುತ್ತೇವೆ. ಆ ಮಾರಾಟ ಮತ್ತೆ ಎಐಗೆ ಪಾಠವಾಗುತ್ತದೆ. ಅಂದರೆ ಅಂದಾಜು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತಿತ್ತು.

ಮೊದಲು ಬದಲಿಸಿದ್ದು ಹಂಚುವ ಕ್ರಮವನ್ನು. ಕೊರತೆ ಇದ್ದಾಗ ಚೀಟಿಯಲ್ಲಿ ಬರೆದಷ್ಟಕ್ಕೆ ಬೆಲೆಯಿಲ್ಲ, ಹಿಂದಿನ ತಿಂಗಳುಗಳಲ್ಲಿ ಆ ಅಂಗಡಿಯಲ್ಲಿ ನಿಜವಾಗಿ ಖರ್ಚಾದದ್ದರ ಪ್ರಕಾರ ಕೊಡುವುದು. ಆಗ ಇಪ್ಪತ್ತು ಬರೆದರೂ ಲಾಭವಿಲ್ಲ, ಬರೆಯುವುದು ತಾನಾಗಿ ಕಡಿಮೆಯಾಯಿತು. ಕೆಲವರು ಮುನಿಸಿಕೊಂಡರು, ನಿಜ. ಕೌಂಟರ್ ಮಾರಾಟದ ಲೆಕ್ಕ ತೋರಿಸಲು ಒಪ್ಪಿದ ಅಂಗಡಿಗಳಿಂದ ಶುರು ಮಾಡಿದೆವು. ಸ್ಟಾಕ್ ಇಲ್ಲದ ದಿನಗಳಿಗೆ ಸೊನ್ನೆ ಹಾಕುವ ಬದಲು ಗುರುತು ಹಾಕಿ ಲೆಕ್ಕದಿಂದ ಹೊರಗಿಟ್ಟೆವು.

ಇಷ್ಟಾದ ಮೇಲೆ ಎಐ ನಿಜಕ್ಕೂ ಕೈಹಿಡಿಯಿತು. ಬೋರ್ಡ್ ಮೇಲಿನ ಚಿತ್ರವನ್ನು ವಿವರಿಸಿ, ಚಾಟ್‌ಬಾಟ್ ಕೈಲಿ ಒಂದು ಚಿಕ್ಕ ಸಿಮ್ಯುಲೇಶನ್ ಬರೆಸಿದೆ, ಅಂದರೆ ಹೀಗೆ ಮಾಡಿದರೆ ಏನಾದೀತು ಎಂದು ಕಂಪ್ಯೂಟರಿನಲ್ಲೇ ನಡೆಸಿ ನೋಡುವ ಪ್ರೋಗ್ರಾಮ್. ಮಾಲು ಬರುವ ಅವಧಿ ಅರ್ಧಕ್ಕಿಳಿದರೆ? ತಿಂಗಳಿಗೊಮ್ಮೆ ಬದಲು ವಾರವಾರ ತರಿಸಿದರೆ? ಪ್ರೋಗ್ರಾಮಿಂಗ್ ಬಾರದ ನಾನು ಇಂಥ ಪ್ರಶ್ನೆಗಳನ್ನು ಕೂತಲ್ಲೇ ಪರೀಕ್ಷಿಸಿ ನೋಡಬಹುದು ಎನ್ನುವುದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ಸ್ವಲ್ಪ ಸ್ವಲ್ಪವಾಗಿ ಪದೇಪದೇ ತರಿಸಿದರೆ ಏರಿಳಿತ ಇಳಿಯುತ್ತದೆ ಎಂದು ಅದು ತೋರಿಸಿತು. ಸಿರಪ್‌ಗೆ ಹಾಗೇ ಮಾಡುತ್ತಿದ್ದೇವೆ.

ಉಳಿದಿರುವುದು ತಿಂಗಳ ಕೊನೆಯ ಸ್ಕೀಮ್‌ಗಳು. ಎಂಆರ್‌ಗಳ, ಅಂದರೆ ಔಷಧ ಕಂಪನಿಗಳ ಪ್ರತಿನಿಧಿಗಳ, ಟಾರ್ಗೆಟ್ ಮುಗಿಯುವ ವಾರದಲ್ಲಿ ಹತ್ತಕ್ಕೆ ಒಂದು ಫ್ರೀ ಎಂದರೆ ಅಂಗಡಿಯವರು ಎರಡು ತಿಂಗಳಿನದ್ದು ಒಟ್ಟಿಗೇ ತೆಗೆದುಕೊಳ್ಳುತ್ತಾರೆ. ಅದು ನಮ್ಮ ಕೈಯಲ್ಲಿಲ್ಲ. ಸದ್ಯಕ್ಕೆ ಸ್ಕೀಮ್ ಇದ್ದ ದಿನಗಳಿಗೆ ಎಕ್ಸೆಲ್‌ನಲ್ಲಿ ಬೇರೆ ಕಾಲಮ್ ಮಾಡಿ ಸಾಫ್ಟ್‌ವೇರ್‌ಗೆ ಕೊಡುತ್ತಿದ್ದೇವೆ. ಕಂಪನಿಗಳ ಜೊತೆ ಮಾತಿಗೆ ಕೂರುವಾಗ ಆ ಕಾಲಮ್ ಇಟ್ಟುಕೊಂಡೇ ಕೂರುತ್ತೇನೆ.