ಪೋಲೆಂಡಿನ ಹುಳಿ ಚೆರ್ರಿಗೆ ನಾನು ಕೇಳದೇ ಬಿಟ್ಟ ಬೆಲೆ

ಹೋದ ವಾರ ಟೀಮಿಗೆ ಹೊಸ ಹುಡುಗಿಯೊಬ್ಬಳು ಸೇರಿದಳು. ಮುಳ್ಳೇರಿಯದವಳು. "ಅಕ್ಕಾ, ಬೆಳೆಯ ವ್ಯಾಲ್ಯೂ ಕಾಲಂಗೆ ಯಾವ ಬೆಲೆಯ ಸರಣಿ ತಗೊಳ್ಳಲಿ?" ಅಂತ ಕೇಳಿದಳು. ಎರಡು ವರ್ಷದ ಹಿಂದೆ ಕ್ಲೈಂಟ್ ಜೊತೆ ನಡೆದ ಆ ಕಾಲ್ ಮತ್ತೆ ನೆನಪಾಯಿತು. ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಚಾವಡಿಯ ಮೂಲೆಯೇ ನನ್ನ ಆಫೀಸು. ಒಂದು ದೇಶ, ಒಂದು ಬೆಳೆ ಕೊಡುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಡೇಟಾ ಇಳಿಸಿ, ಕ್ಲೀನ್ ಮಾಡಿ, ತಪ್ಪು ಹುಡುಕುವ ಕ್ಯೂಸಿ ಟೂಲ್ ದಾಟಿಸಿ, ಕ್ಲೈಂಟಿಗೆ ಸ್ಲೈಡುಗಳ ಡೆಕ್ ಕಳಿಸಬೇಕು. ಆ ಸಲ ಬಂದದ್ದು ಪೋಲೆಂಡಿನ ಹುಳಿ ಚೆರ್ರಿ. ವರ್ಷದಿಂದ ವರ್ಷಕ್ಕೆ ಉತ್ಪಾದನೆಯ ಮೌಲ್ಯ ಹೇಗೆ ಬದಲಾಯಿತು ಅಂತ ತೋರಿಸಬೇಕಿತ್ತು. ಕ್ಲೈಂಟ್ ಹಣ್ಣಿನ ರಸದ ಕಂಪನಿಯವರು.

ಹುಳಿ ಚೆರ್ರಿ ನಾನು ಕಣ್ಣಲ್ಲಿ ಕಂಡವಳಲ್ಲ. ಅದನ್ನು ಹಾಗೇ ತಿನ್ನುವುದು ಕಡಿಮೆಯಂತೆ, ಹೆಚ್ಚಿನದ್ದು ಜ್ಯೂಸು, ಜಾಮು, ಫ್ರೀಜಿಂಗ್ ಅಂತ ಫ್ಯಾಕ್ಟರಿಗೇ ಹೋಗುತ್ತದೆ. ಕೊಯ್ದ ಹಣ್ಣನ್ನು ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಅಡಿಕೆಯ ಹಾಗೆ ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿಟ್ಟು ರೇಟು ಏರುವ ತನಕ ಕಾಯುವ ಮಾತೇ ಇಲ್ಲ.

ನಮ್ಮ ಟೆಂಪ್ಲೇಟಿನಲ್ಲಿ ಮೌಲ್ಯಕ್ಕೆ ಒಂದೇ ಕಾಲಂ. ಅದಕ್ಕೆ ತಾನಾಗಿ ಬಂದು ಕೂರುವುದು 2014–16ರ ಸ್ಥಿರ ಬೆಲೆಯ ಸರಣಿ, ಅಂದರೆ ಎಲ್ಲ ವರ್ಷದ ಬೆಳೆಗೂ ಆ ಮೂರು ವರ್ಷದ ಸರಾಸರಿ ಬೆಲೆಯನ್ನೇ ಹಾಕಿ ಡಾಲರಿನಲ್ಲಿ ತೆಗೆದ ಮೌಲ್ಯ. 1961ರಿಂದ ಒಂದು ವರ್ಷವೂ ಬಿಡದೆ ಸಿಗುತ್ತದೆ. 1995ರಲ್ಲಿ ಪೋಲೆಂಡ್ ತನ್ನ ಕರೆನ್ಸಿ ಜ್ಲೋಟಿಯ ನಾಲ್ಕು ಸೊನ್ನೆ ತೆಗೆದುಹಾಕಿದ ತಲೆನೋವೂ ಇಲ್ಲ. ಕ್ಯೂಸಿ ಹಸಿರು ತೋರಿಸಿತು. ನಾನೂ ಸುಮ್ನೆ ಮುಂದೆ ಹೋದೆ.

ಗ್ರಾಫ್ ಚೆನ್ನಾಗಿಯೇ ಬಂತು. 2017ರ ವಸಂತದಲ್ಲಿ ಹಿಮ ಬಿದ್ದು ಹೂವು ಸುಟ್ಟುಹೋಗಿತ್ತು. ಬೆಳೆ 70 ಸಾವಿರ ಟನ್ನಿನ ಆಸುಪಾಸಿಗೆ ಇಳಿದು ಗೆರೆ ಗುಂಡಿಗೆ ಬಿದ್ದಿತ್ತು. 2018ರಲ್ಲಿ ಸುಮಾರು 2 ಲಕ್ಷ ಟನ್, ಗೆರೆ ನೆಟ್ಟಗೆ ಮೇಲಕ್ಕೆ. ಸ್ಲೈಡಿಗೆ ನಾನೇ ಹೆಡ್ಡಿಂಗ್ ಕೊಟ್ಟೆ: "2018: ಬೆಳೆಗಾರರು ಚೇತರಿಸಿಕೊಂಡ ವರ್ಷ."

ಕಾಲ್ ಇದ್ದದ್ದು ಮಧ್ಯಾಹ್ನ ಮೂರೂವರೆಗೆ. ಆ ಸ್ಲೈಡ್ ಬಂದಾಗ ಕ್ಲೈಂಟ್ ಕಡೆಯ ಹೆಂಗಸೊಬ್ಬರು ತಡೆದರು. ಆ ಬೇಸಿಗೆಯಲ್ಲಿ ಅವರ ಜನ ಅಲ್ಲೇ ಹಣ್ಣು ಖರೀದಿಗೆ ಇದ್ದರಂತೆ. ಕಿಲೋಗೆ ಒಂದು ಜ್ಲೋಟಿಯೂ ಸಿಗದೆ, ಕೊಯ್ಲಿನ ಕೂಲಿಗೂ ಸಾಲದೆ ಎಷ್ಟೋ ಜನ ಹಣ್ಣನ್ನು ಮರದಲ್ಲೇ ಬಿಟ್ಟಿದ್ದರು. "ನೀವು ಹಾಕಿದ ಬೆಲೆ ಯಾವುದು?" ಅಂತ ಕೇಳಿದರು.

ಸ್ಥಿರ ಬೆಲೆ ಅಂದೆ. ಹಾಗಾದರೆ ಭಾಗಿಸಿ ತೋರಿಸಿ ಅಂದರು. ಸ್ಕ್ರೀನ್ ಶೇರ್ ನನ್ನದೇ. ಶೀಟ್ ತೆರೆದೆ, ಹೊಸ ಕಾಲಂ ಹಾಕಿದೆ, ಮೌಲ್ಯವನ್ನು ಟನ್ನಿನಿಂದ ಭಾಗಿಸಿ ಕೆಳಗಿನ ತನಕ ಎಳೆದೆ. 2018ಕ್ಕೆ ಬಂದ ಸಂಖ್ಯೆಯೇ 2017ಕ್ಕೂ ಬಂತು. 1995ಕ್ಕೂ ಅದೇ, 1961ಕ್ಕೂ ಅದೇ. ಸಾಲುಸಾಲಾಗಿ ಒಂದೇ ಸಂಖ್ಯೆ ಇಳಿಯುತ್ತಾ ಹೋಯಿತು. ಯಾರೂ ಮಾತಾಡಲಿಲ್ಲ. ನಮ್ಮ ಲೀಡ್ ಮ್ಯೂಟಿನಲ್ಲಿದ್ದರು. ಅಂಗಳದಲ್ಲಿ ಅಪ್ಪ ಕಾಲಿನಿಂದ ಅಡಿಕೆ ತಿರುವುವ ಬರಬರ ಸದ್ದು ಮಾತ್ರ ನನಗೆ ಕೇಳುತ್ತಿತ್ತು. ಬಹುಶಃ ಅವರಿಗೂ ಕೇಳಿಸಿರಬೇಕು.

ಗೋಧಿ, ಆಲೂಗೆಡ್ಡೆ, ಸೇಬು ಎಲ್ಲ ಕೂಡಿಸಿ ಒಂದು ದೇಶದ ಕೃಷಿ ಬೆಳೆಯಿತೋ ಇಲ್ಲವೋ ನೋಡಲು ಸ್ಥಿರ ಬೆಲೆ ಬೇಕೇ ಬೇಕು. ಒಂದೇ ಬೆಳೆಯಾದರೆ ಅದು ಬರೀ ಟನ್ನಿನ ಲೆಕ್ಕ, ಹೆಸರು ಮಾತ್ರ ಡಾಲರು. ನಾನು ಅದನ್ನು ರೈತರ ಕೈಗೆ ಬಂದ ದುಡ್ಡು ಅಂತ ಓದಿದ್ದೆ.

ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಸರಿ ಅನ್ನಬಹುದಿತ್ತು. ನಾನು ಅಡಿಕೆ ತೋಟದ ಮನೆಯವಳು. ಫಸಲು ಬೇರೆ, ಅದರಿಂದ ಕೈಗೆ ಬರುವ ದುಡ್ಡು ಬೇರೆ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವಳು. ಅಡಿಕೆಗೆ ರೇಟು ಬಿದ್ದ ಕಾಲದಲ್ಲೇ, 1973ರಲ್ಲಿ, ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋ ಹುಟ್ಟಿದ್ದು ಅಂತ ನಮ್ಮ ಕಡೆ ಗೊತ್ತಿಲ್ಲದ ಮನೆ ಇಲ್ಲ. ಆ ದಿನ ಸಂಜೆ ಅಪ್ಪನಿಗೆ ನಡೆದದ್ದನ್ನು ಹೇಳಲು ಕೂತೆ. ಅಷ್ಟೊಂದು ಬೆಳೆ ಬಂತಂತೆ ಅಂದದ್ದೇ ತಡ, ಅವರು ಕೇಳಿದ್ದು ಒಂದೇ ಮಾತು: "ಕಿಲೋಗೆ ಎಷ್ಟಿತ್ತು?"

ಮೂರು ದಿನ ಕೂತು ಡೆಕ್ ಹೊಸದಾಗಿ ಮಾಡಿದೆ. ಟನ್ನಿಗೊಂದು ಗೆರೆ, ಬೆಳೆಗಾರನಿಗೆ ಸಿಕ್ಕ ಬೆಲೆಗೊಂದು ಗೆರೆ, ಆಯಾ ವರ್ಷದ ಬೆಲೆಯಲ್ಲಿ ಮೌಲ್ಯಕ್ಕೊಂದು ಗೆರೆ. ಹೋಲಿಸಲು ಅಮೆರಿಕದ ಮಿಶಿಗನ್ನಿನ 2012 ಸೇರಿಸಿದೆ. ಅಲ್ಲಿ ಮಾರ್ಚಿನಲ್ಲೇ ಬೇಸಿಗೆಯಂಥ ಬಿಸಿಲು ಬಂದು ಮೊಗ್ಗು ಬೇಗ ಒಡೆಯಿತು, ಏಪ್ರಿಲಿನ ಹಿಮಕ್ಕೆ ಶೇಕಡಾ 90ರಷ್ಟು ಬೆಳೆ ಹೋಯಿತು. ಬೆಲೆ ಏರಿತು, ನಿಜ. ಮರದಲ್ಲಿ ಹಣ್ಣೇ ಇಲ್ಲದವನಿಗೆ ಆ ಬೆಲೆಯಿಂದ ಏನು ಸಿಕ್ಕೀತು?

ಟೆಂಪ್ಲೇಟ್ ಬದಲಾಯಿಸಿ ಅಂತ ಮ್ಯಾನೇಜ್‌ಮೆಂಟಿಗೆ ಎರಡು ಸಲ ಮೇಲ್ ಹಾಕಿದ್ದೇನೆ. ಮುಂದಿನ ಕ್ವಾರ್ಟರ್ ಅನ್ನುತ್ತಾರೆ. ಕಾಲಂ ಈಗಲೂ ಒಂದೇ, ಕ್ಯೂಸಿ ಈಗಲೂ ಹಸಿರು. ಟನ್ ಎಷ್ಟು, ಡಾಲರ್ ಎಷ್ಟು ಅಂತ ಅದು ನೋಡುತ್ತದೆ, ಯಾವ ವರ್ಷದ ಬೆಲೆ ಅಂತ ಕೇಳುವುದಿಲ್ಲ. ಇಂಥ ಟೂಲ್ ನಂಬಿ ರೈತರ ವಿಷಯ ಬರೆಯಬಾರದು.

ಹೊಸ ಹುಡುಗಿಗೆ, ಮೊದಲು ಭಾಗಿಸಿ ನೋಡು, ಆಮೇಲೆ ಗ್ರಾಫ್ ಹಾಕು ಅಂದೆ. ಅವಳ ಪಾಲಿಗೆ ಬಂದದ್ದು ಸರ್ಬಿಯಾದ ಹುಳಿ ಚೆರ್ರಿ. ಅರ್ಧ ಗಂಟೆಯಲ್ಲಿ ಮೆಸೇಜ್ ಬಂತು: "ಅಕ್ಕಾ, ಎಲ್ಲಾ ವರ್ಷಕ್ಕೂ ಒಂದೇ ಬರ್ತಾ ಇದೆ. ನಾನೇನಾದರೂ ತಪ್ಪು ಮಾಡಿದೆನಾ?" ಕೂಡಲೇ ಫೋನ್ ಮಾಡಿದೆ.