ಪೈಪ್ ಇದ್ದರೂ ಒಂದಕ್ಕೆ ಅವಸರ ಯಾಕೆ?

ನಾನು ಯುರಾಲಜಿ ವಾರ್ಡಿನಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ಈ ಪ್ರಶ್ನೆ ತಪ್ಪಿದ್ದೇ ಇಲ್ಲ: "ಸಿಸ್ಟರ್, ಚೀಲಕ್ಕೆ ಮೂತ್ರ ಹೋಗ್ತಾನೇ ಇದೆ. ಆದ್ರೂ ಒಂದಕ್ಕೆ ಅವಸರ ಯಾಕಾಗುತ್ತೆ?" ಕೇಳುವವರು ಹೆಚ್ಚಾಗಿ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಆಪರೇಷನ್ ಆಗಿ, ಮೂತ್ರ ಚೀಲಕ್ಕೆ ಹರಿಯಲು ಪೈಪ್ (ಕ್ಯಾಥೆಟರ್) ಹಾಕಿರುವ ಹಿರಿಯರು. ಪಕ್ಕದಲ್ಲಿದ್ದ ಮನೆಯವರು "ಪೈಪ್ ಇದೆಯಲ್ಲ, ಸುಮ್ನೆ ಮಲಗಿ" ಅನ್ನುತ್ತಾರೆ. ಹಾಗನ್ನಬೇಡಿ. ಅವರಿಗೆ ಆಗುತ್ತಿರುವುದು ನಿಜವಾದ ಅವಸರವೇ.

ಆ ಪೈಪಿನ ತುದಿಯ ಹತ್ತಿರ ಒಂದು ಬಲೂನು ಇರುತ್ತದೆ. ಪೈಪು ಜಾರದಂತೆ ಅದಕ್ಕೆ ಮೂತ್ರಕೋಶದ ಒಳಗೆ ನೀರು ತುಂಬುತ್ತಾರೆ, ಈ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ 30ರಿಂದ 50 ಎಂಎಲ್. ಅದು ಕೂರುವುದು ಮೂತ್ರಕೋಶದ ಬಾಯಿಯ ಹತ್ತಿರ. ತುಂಬಾ ಸೂಕ್ಷ್ಮವಾದ ಜಾಗ ಅದು, ಹಸಿ ಗಾಯವೂ ಅಲ್ಲೇ. ಬಲೂನು ಒತ್ತಿದಾಗ ಮೂತ್ರಕೋಶ ಅದನ್ನು ಹೊರಗೆ ತಳ್ಳಲು ಹಿಂಡಿಕೊಳ್ಳುತ್ತದೆ. ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತದೆ, ಒಮ್ಮೊಮ್ಮೆ ಪೈಪಿನ ಪಕ್ಕದಿಂದ ಮೂತ್ರ ಸೋರುತ್ತದೆ.

ಆಗ ತಿಣುಕಬೇಡಿ. ತಿಣುಕಿದಷ್ಟೂ ನೋವು ಜಾಸ್ತಿ, ರಕ್ತವೂ ಬರಬಹುದು. ಮಂಡಿ ಸ್ವಲ್ಪ ಮಡಚಿ, ನಿಧಾನಕ್ಕೆ ಉಸಿರು ಬಿಡಿ. ಮನೆಯವರು ಪೈಪು ನೋಡಿ: ತೊಡೆಯ ಕೆಳಗೆ ಮಡಚಿಕೊಂಡಿದೆಯಾ? ಚೀಲ ಮಂಚದ ಮೇಲೆ ಬಂದಿದೆಯಾ? ಅದು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು. ಚೀಲಕ್ಕೆ ಮೂತ್ರ ಇಳಿಯುವುದೇ ನಿಂತು ಹೊಟ್ಟೆ ಬಿಗಿದರೆ ರಕ್ತದ ಗಡ್ಡೆ ಕಟ್ಟಿರಬಹುದು, ಕೂಡಲೇ ನಮ್ಮನ್ನು ಕರೆಯಿರಿ.

ಒಬ್ಬರು ಅಜ್ಜ ಮಗಳ ಎದುರು ಹೇಳಲು ನಾಚಿಕೊಂಡು ಬೆಳಗಿನ ಜಾವದವರೆಗೂ ಹಲ್ಲು ಕಚ್ಚಿ ಮಲಗಿದ್ದರು. ನಡೆದರೆ, ಹೊರಳಿದರೆ ಪೈಪು ಎಳೆಯುತ್ತಿತ್ತು. ನಾನು ಪೈಪನ್ನು ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಟೇಪ್ ಹಾಕಿದೆ. ಡಾಕ್ಟರು ಹಿಡಿತ ತಗ್ಗಿಸುವ ಮಾತ್ರೆ ಬರೆದರು. ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದರು. ಆ ಒಂದು ರಾತ್ರಿ ಅವರು ಸುಮ್ಮನೆ ನರಳಿದ್ದು ನೆನೆದರೆ ನನಗೆ ಈಗಲೂ ಸಂಕಟ. ನಾಚಿಕೆ ಬೇಡ, ನಮ್ಮನ್ನು ಎಬ್ಬಿಸಿ.

ಆ ಮಾತ್ರೆಯಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯೂ ಆಗಬಹುದು. ಹಾಗಾಗಿ ಸೊಪ್ಪು, ಪಪ್ಪಾಯಿ ಕೊಡಿ. ನೀರೂ ಚೆನ್ನಾಗಿ ಕುಡಿಯಲಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಡಾಕ್ಟರು ಹೇಳಿದ ಅಳತೆಯೇ.

ಪೈಪು ತೆಗೆದ ಮೇಲೂ ಉರಿ, ಅವಸರ ಕೆಲವು ದಿನ, ಕೆಲವರಿಗೆ ಕೆಲವು ವಾರ ಇರುತ್ತದೆ. ಮನೆಗೆ ಹೋಗಿ ಒಂದೆರಡು ವಾರಕ್ಕೆ ಮತ್ತೆ ಸ್ವಲ್ಪ ಕೆಂಪು ಕಾಣಬಹುದು, ಒಳಗಿನ ಗಾಯದ ಹಕ್ಕಳೆ ಉದುರುವ ಸಮಯ ಅದು. ನೀರು ಕುಡಿದು ವಿಶ್ರಾಂತಿ ತೆಗೆದುಕೊಂಡರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಗಡ್ಡೆ ಬಿದ್ದರೆ, ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಬನ್ನಿ.